ಅಪ್ಪ ಮಾರಿದ ಎಂಜಿನು, ಮಗ ಕೊಂಡ ಕಾರು

ನಮ್ಮ ಇಗರ್ಜಿಯ ಅಂಗಳಕ್ಕೆ ಆಶೀರ್ವಾದಕ್ಕೆಂದು ಬಂದು ನಿಲ್ಲುವ ವಾಹನಗಳನ್ನು ನೋಡಿದರೆ, ಹೆಚ್ಚಿನವಕ್ಕೆ ಒಂದಲ್ಲ ಒಂದು ಬಗೆಯಲ್ಲಿ ಜಪಾನಿನ ನೆಂಟಸ್ತಿಕೆ ಇರುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಸುಜುಕಿಯವರ ವಿನ್ಯಾಸ. ಮದುವೆ ದಿಬ್ಬಣಕ್ಕೆ ಬರುವ ಇನ್ನೋವಾ ಟೊಯೋಟಾದವರದ್ದು. ತೀರ್ಥ ಪ್ರೋಕ್ಷಿಸಿದ ಮೇಲೆ ಮನೆಯವರು ಒಂದು ಫೋಟೋ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಕಾರೆಂದರೆ ನಮ್ಮ ಕುಟುಂಬಗಳಿಗೆ ಮಳೆಯಲ್ಲಿ ನೆನೆಯದೆ ಪೂಜೆಗೆ ಬರುವ, ಮಂಗಳೂರಿನ ಆಸ್ಪತ್ರೆಗೆ ಹೋಗಿಬರುವ ಒಂದು ಅನುಕೂಲ. ಅದು ತಪ್ಪೇನೂ ಅಲ್ಲ.

ಈ ಬರಹ ಜಪಾನಿನ ಬೇರೊಂದು ಜಾತಿಯ ಕಾರಿನ ಕುರಿತು. ಅದು ನಮ್ಮ ಅಂಗಳಕ್ಕೆ ಬಂದಿಲ್ಲ, ಬರುವಂತೆಯೂ ಇಲ್ಲ. ಮೂರು ವರ್ಷಕ್ಕಿಂತ ಹಳೆಯದಾದ ಕಾರನ್ನು ಹೊರದೇಶದಿಂದ ತರಿಸಿಕೊಳ್ಳಲು ಭಾರತದ ಆಮದು ನಿಯಮ ಸಾಮಾನ್ಯವಾಗಿ ಎಡೆ ಕೊಡುವುದಿಲ್ಲ. ಅದು ಇರುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ, ನಮ್ಮ ಕಾಸರಗೋಡು ಕಡೆಯ ಒಂದು ಕುಟುಂಬದ ಮಗನ ಮನೆಯಲ್ಲಿ. 2023ರ ಬೇಸಿಗೆಯಲ್ಲಿ ನಾವು ಆ ಮನೆಯಲ್ಲಿ ಮೂರು ದಿನ ಉಳಿದುಕೊಂಡಿದ್ದೆವು. ಹೆಸರು ಹಾಕುವುದು ಬೇಡವೆಂದು ಮಗ ಕೇಳಿಕೊಂಡ ಕಾರಣ ಹೆಸರುಗಳನ್ನು ಬಿಟ್ಟಿದ್ದೇವೆ. ಕಾರಿನ ಹೆಸರು ಬಿಡಬೇಕಾಗಿಲ್ಲ: ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, 1991ರ ಮಾರ್ಚಿನಲ್ಲಿ ತಯಾರಾದದ್ದು. ಬಲ್ಲವರು ಅದನ್ನು ಆರ್32 ಎಂದು ಕರೆಯುತ್ತಾರೆ.

ಶಾರ್ಜಾದ ಅಂಗಡಿ

ಕತೆ ಶುರುವಾಗುವುದು ಮಗನಿಂದ ಅಲ್ಲ, ಅಪ್ಪನಿಂದ. ಅವರು 1991ರಲ್ಲಿ ಶಾರ್ಜಾಕ್ಕೆ ಹೋದವರು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಹಳೆ ಕಾರುಗಳ ಬಿಡಿಭಾಗ ಮಾರುವ ಒಂದು ಅಂಗಡಿಯಲ್ಲಿ ಹದಿನೆಂಟು ವರ್ಷ ದುಡಿದರು. ಜಪಾನಿನಲ್ಲಿ ಕಾರು ಇಟ್ಟುಕೊಂಡವರು ಸರಕಾರದ ತಪಾಸಣೆಗೆ ಒಪ್ಪಿಸಬೇಕು. ಹೊಸ ಕಾರಿಗೆ ಮೊದಲ ಮೂರು ವರ್ಷ ಬಿಡುವು, ಆಮೇಲೆ ಎರಡು ವರ್ಷಕ್ಕೊಮ್ಮೆ. ಹತ್ತು ವರ್ಷ ದಾಟಿದ ಕಾರನ್ನು 1995ರವರೆಗೆ ವರ್ಷ ವರ್ಷವೂ ಒಯ್ಯಬೇಕಿತ್ತು. ಖರ್ಚು ಕಡಿಮೆಯದಲ್ಲ. ಹಾಗಾಗಿ ಇನ್ನೂ ಚೆನ್ನಾಗಿ ಓಡುವ ಕಾರುಗಳನ್ನೂ ಅಲ್ಲಿಯವರು ಬಿಟ್ಟುಕೊಡುತ್ತಾರೆ. ಅಂಥ ಕಾರುಗಳನ್ನು ನಡುವಿನಲ್ಲಿ ಗರಗಸ ಹಾಕಿ ಕೊಯ್ದು, ಮುಂದಿನ ಅರ್ಧವನ್ನು ಎಂಜಿನು, ಗೇರುಪೆಟ್ಟಿಗೆ, ವಯರಿಂಗ್ ಸಮೇತ ಕಂಟೇನರಿಗೆ ತುಂಬಿಸಿ ಕಳುಹಿಸುತ್ತಾರೆ. ‘ಹಾಫ್ ಕಟ್’ ಎಂದು ಅದಕ್ಕೆ ಹೆಸರು. ಮಂಗಳವಾರ ಬಂದ ಕಂಟೇನರು ಶನಿವಾರಕ್ಕೆ ಖಾಲಿಯಾಗುತ್ತಿತ್ತು ಎಂದು ಅವರು ಹೇಳುತ್ತಾರೆ.

“ಫಾದರ್, ನಾನು ನೋಡಿದ್ದೆಲ್ಲ ಅರ್ಧ ಕಾರೇ. ಹಿಂದಿನ ಸೀಟು ಇರುವ ಸ್ಕೈಲೈನ್ ನಾನು ಕಂಡದ್ದು ಮಗನ ಮನೆಯಲ್ಲಿ” ಎಂದು ಅವರು ನಮ್ಮೊಡನೆ ನಗುತ್ತಾ ಹೇಳಿದ್ದುಂಟು. ಜಿಟಿ-ಆರ್ ಎಂಜಿನು ಅಪರೂಪಕ್ಕೆ ಬರುತ್ತಿತ್ತಂತೆ. ಬಂದ ದಿನ ಮಾಲಿಕನೇ ಗೋದಾಮಿಗೆ ಬಂದು ನಿಲ್ಲುತ್ತಿದ್ದ. ಮರಳಗುಡ್ಡ ಏರಿಸುವ ಹುಚ್ಚಿನವರು ಮುಂಗಡ ಕೊಟ್ಟು ಕಾಯುತ್ತಿದ್ದರು. ಆ ಎಂಜಿನನ್ನು ಸಾಬೂನು ನೀರಿನಲ್ಲಿ ತೊಳೆದು, ಕೈಯಿಂದ ತಿರುಗಿಸಿ ತೋರಿಸಿ, ಕಟ್ಟಿಕೊಡುವುದು ಇವರ ಕೆಲಸ. ಊರಿನಲ್ಲಿ ಇವರಿಗಿದ್ದದ್ದು ಒಂದು ಸ್ಕೂಟರು. 2009ರಲ್ಲಿ ಶಾಶ್ವತವಾಗಿ ಮರಳಿದ ಮೇಲೆ ಕೊಂಡದ್ದು ಕೆಎಲ್-14 ನಂಬರಿನ ಒಂದು ಹಳೆ ಓಮ್ನಿ.

ಮಗ ಹತ್ತನೆಯ ತರಗತಿವರೆಗೆ ಶಾರ್ಜಾದಲ್ಲೇ ಬೆಳೆದ. ಪಕ್ಕದ ಫ್ಲ್ಯಾಟಿನ ಹುಡುಗನಲ್ಲಿ ಪ್ಲೇಸ್ಟೇಷನ್ ಇತ್ತು, ಅದರಲ್ಲಿ ಗ್ರಾನ್ ಟುರಿಸ್ಮೊ ಎಂಬ ಕಾರಾಟ. ಜಪಾನಿನಲ್ಲಿ 1997ರ ಕೊನೆಗೆ ಬಿಡುಗಡೆಯಾದ ಈ ಆಟದಲ್ಲಿ ಹಣ ಸಂಪಾದಿಸಿ ಕಾರು ಕೊಳ್ಳಬೇಕು, ಗೆದ್ದ ಹಣದಲ್ಲಿ ಒಂದೊಂದೇ ಭಾಗ ಬದಲಾಯಿಸಬೇಕು. ಅಪ್ಪ ಗೋದಾಮಿನಲ್ಲಿ ತೊಳೆಯುವ ಎಂಜಿನೇ ಪರದೆಯಲ್ಲಿ ಓಡುತ್ತಿದೆ ಎಂದು ಹುಡುಗನಿಗೆ ಗೊತ್ತಾದ ದಿನವೇ ಆಸೆ ಹುಟ್ಟಿತು. ಆಗ ಅವನಿಗೆ ಹದಿಮೂರು. ಕಾರು ಮನೆಗೆ ಬಂದಾಗ ಮೂವತ್ತೊಂದು.

ಗಾಡ್ಜಿಲ್ಲಾ ಎಂಬ ಅಡ್ಡಹೆಸರು

ಅಷ್ಟು ವರ್ಷ ಕಾಯುವಂಥದ್ದು ಆ ಕಾರಿನಲ್ಲಿ ಏನಿದೆ ಎಂದು ಓದುಗರು ಕೇಳಬಹುದು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸ್ಕೈಲೈನ್ ಮೊದಲಿಗೆ ಪ್ರಿನ್ಸ್ ಎಂಬ ಕಂಪೆನಿಯ ಕಾರು. 1966ರಲ್ಲಿ ಪ್ರಿನ್ಸ್ ನಿಸ್ಸಾನಿನಲ್ಲಿ ಸೇರಿಹೋಯಿತು. 1969ರಲ್ಲಿ ಬಂದ ಮೊದಲ ಜಿಟಿ-ಆರ್ ಜಪಾನಿನ ರೇಸುಗಳಲ್ಲಿ ಮೂರು ವರ್ಷಗಳೊಳಗೆ ಸುಮಾರು 50 ಗೆಲುವು ಕಂಡಿತು. 1973ರಲ್ಲಿ ಎರಡನೆಯದು ಬಂತು. ಆದರೆ ಹೊಗೆ ನಿಯಂತ್ರಣದ ನಿಯಮಗಳೂ ತೈಲ ಬಿಕ್ಕಟ್ಟೂ ಒಟ್ಟಿಗೆ ಎರಗಿ, ಇನ್ನೂರು ಕಾರು ಮುಗಿಯುವ ಮೊದಲೇ ಅದು ನಿಂತುಹೋಯಿತು. ಆಮೇಲೆ ಹದಿನಾರು ವರ್ಷ ಆ ಹೆಸರಿನ ಕಾರೇ ಇಲ್ಲ. 1989ರ ಆಗಸ್ಟಿನಲ್ಲಿ, ನಗನೋರಿ ಇತೊ ಎಂಬ ಎಂಜಿನಿಯರರ ಮುಂದಾಳುತನದಲ್ಲಿ, ಮೂರನೆಯದಾಗಿ ಈ ಆರ್32 ಹೊರಬಂತು.

ರೇಸು ಗೆಲ್ಲಬೇಕೆಂದೇ ಮಾಡಿದ ಕಾರು ಅದು. 2.6 ಲೀಟರಿನ, ಸಾಲಾಗಿ ಆರು ಸಿಲಿಂಡರುಗಳ ಎಂಜಿನು, ಎರಡು ಟರ್ಬೊ. ಸಾಮಾನ್ಯ ಓಟದಲ್ಲಿ ಶಕ್ತಿಯೆಲ್ಲ ಹಿಂದಿನ ಚಕ್ರಗಳಿಗೆ. ಅವು ಜಾರತೊಡಗಿದ್ದನ್ನು ಗಣಕ ಗುರುತಿಸಿದ ಕ್ಷಣ ಅರ್ಧದವರೆಗೂ ಶಕ್ತಿ ಮುಂದಿನ ಚಕ್ರಗಳಿಗೆ ಹರಿಯುತ್ತದೆ. ವೇಗದ ತಿರುವಿನಲ್ಲಿ ಹಿಂದಿನ ಚಕ್ರಗಳೂ ತುಸು ತಿರುಗುತ್ತವೆ. ಭಾರ ಇಳಿಸಲು ಬಾನೆಟ್ಟು ಮತ್ತು ಮುಂದಿನ ಮಡ್‌ಗಾರ್ಡುಗಳನ್ನು ಅಲ್ಯುಮಿನಿಯಮ್ಮಿನಲ್ಲಿ ಮಾಡಿದ್ದಾರೆ. 1990ರಿಂದ 1993ರವರೆಗೆ ಜಪಾನಿನ ಗ್ರೂಪ್-ಎ ಸರಣಿಯಲ್ಲಿ ನಡೆದ 29 ರೇಸುಗಳಲ್ಲಿ 29ನ್ನೂ ಅದೇ ಗೆದ್ದಿತು. ಆಸ್ಟ್ರೇಲಿಯದ ಬಾಥರ್ಸ್ಟ್‌ನಲ್ಲಿ ಸಾವಿರ ಕಿಲೋಮೀಟರಿನ ಓಟವನ್ನು 1991ರಲ್ಲಿ ಗೆದ್ದಿತು. ಮರುವರ್ಷ ಅಲ್ಲಿನ ಆಡಳಿತದವರು ಹೆಚ್ಚುವರಿ ಭಾರ ಹೊರಿಸಿ, ಟರ್ಬೊಗೆ ಕಡಿವಾಣ ಹಾಕಿ ಓಡಿಸಿದರು, ಆಗಲೂ ಗೆದ್ದಿತು. ‘ಗಾಡ್ಜಿಲ್ಲಾ’ ಎಂಬ ಅಡ್ಡಹೆಸರು ಇಟ್ಟದ್ದೂ ಆಸ್ಟ್ರೇಲಿಯದ ಒಂದು ಮೋಟಾರು ಪತ್ರಿಕೆಯೇ. 1993ರಿಂದ ನಿಯಮವನ್ನೇ ಬದಲಿಸಿ ಇಂಥ ಕಾರಿಗೆ ಅಲ್ಲಿ ಜಾಗವಿಲ್ಲದಂತೆ ಮಾಡಲಾಯಿತು. ಬೇರೆಯವರು ಆಡುವುದಕ್ಕೇ ಬಿಡದಷ್ಟು ಚೆನ್ನಾಗಿ ಆಡುವವನನ್ನು ಮೈದಾನದಿಂದ ಹೊರಗಿಡುವುದು ಕ್ರಿಕೆಟ್ಟಿನಲ್ಲಿಯೂ ಉಂಟು, ಇಗರ್ಜಿಯ ವಾರ್ಷಿಕ ಹಬ್ಬದ ಹಗ್ಗಜಗ್ಗಾಟದಲ್ಲಿಯೂ ಉಂಟು.

ಇನ್ನೊಂದು ಸ್ವಾರಸ್ಯ. ಈ ಕಾರಿನ ಶಕ್ತಿಯನ್ನು ಕಂಪೆನಿ 280 ಅಶ್ವಶಕ್ತಿ ಎಂದು ಬರೆದಿದೆ. 1988ರಲ್ಲಿ ಜಪಾನಿನಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಆ ಆತಂಕದಲ್ಲಿ ಅಲ್ಲಿಯ ಕಾರು ತಯಾರಕರು 280ಕ್ಕಿಂತ ಹೆಚ್ಚು ಶಕ್ತಿಯ ಕಾರು ಮಾರುವುದಿಲ್ಲವೆಂದು ತಮ್ಮೊಳಗೆ ಒಪ್ಪಿಕೊಂಡರು. ಒಪ್ಪಂದ 2004ರವರೆಗೆ ಉಳಿಯಿತು. ಆರ್32ರ ಎಂಜಿನಿಗೆ ಮಾತ್ರ ಅದಕ್ಕಿಂತ ಬಹಳ ಹೆಚ್ಚು ತಡೆದುಕೊಳ್ಳುವ ಮೈಕಟ್ಟು ಇತ್ತು. ಟರ್ಬೊದ ಒತ್ತಡ ನಿಯಂತ್ರಿಸುವ ಒಂದು ರಬ್ಬರು ಕೊಳವೆಯೊಳಗೆ ಸಣ್ಣ ತೂತಿನ ಒಂದು ಲೋಹದ ಬಿರಡೆ ಇದೆ. ಅದನ್ನು ತೆಗೆದು ಎಸೆದರೆ ಸಾಕು, ಒತ್ತಡ ಏರುತ್ತದೆ, ಶಕ್ತಿಯೂ ಏರುತ್ತದೆ. ಅಂದರೆ ಕೊಂಡವನು ತಾನೇ ಬಿಚ್ಚಿಕೊಳ್ಳಲಿ ಎಂಬಂತೆ ಕಟ್ಟಿಟ್ಟ ಕಾರು. ಬದಲಾಯಿಸುವ ಹುಚ್ಚು ಈ ಕಾರಿನೊಡನೆಯೇ ಬರುತ್ತದೆ.

ಕಾಯುವಿಕೆ

ನಿಸ್ಸಾನ್ ಈ ಕಾರನ್ನು ಅಮೆರಿಕದಲ್ಲಿ ಮಾರಲೇ ಇಲ್ಲ. 1980ರ ದಶಕದಲ್ಲಿ ಯುರೋಪಿನ ಕಾರುಗಳನ್ನು ಜನ ಖಾಸಗಿಯಾಗಿ ತರಿಸಿಕೊಳ್ಳುವುದು ಹೆಚ್ಚಾದಾಗ, ಅಲ್ಲಿನ ಸಂಸತ್ತು 1988ರಲ್ಲಿ ಒಂದು ಕಾನೂನು ತಂದಿತು. ಅಮೆರಿಕದ ಸುರಕ್ಷತಾ ನಿಯಮಕ್ಕೆ ಹೊಂದದ ಕಾರು ಒಳಗೆ ಬರಬಾರದು, ಆದರೆ ತಯಾರಾಗಿ 25 ವರ್ಷ ಕಳೆದ ಕಾರಿಗೆ ವಿನಾಯಿತಿ. ಹೀಗೆ ಮೊತ್ತಮೊದಲ ಆರ್32ಗಳು 2014ರ ಆಗಸ್ಟಿನಲ್ಲಿ ಅಮೆರಿಕಕ್ಕೆ ಅರ್ಹವಾದವು.

ಅಷ್ಟರಲ್ಲಿ ನಮ್ಮ ಹುಡುಗ ಊರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಅಮೆರಿಕದಲ್ಲಿ ಓದಿ, ಹ್ಯೂಸ್ಟನ್ನಿನಲ್ಲಿ ಕೆಲಸ ಹಿಡಿದಿದ್ದ. 2014ರಲ್ಲಿ ಮದುವೆಯಾಗಿತ್ತು. ಹುಡುಗಿ ಮಂಗಳೂರು ಕಡೆಯವಳು, ಆಸ್ಪತ್ರೆಯಲ್ಲಿ ನರ್ಸು, ಹೆಚ್ಚಿನ ವಾರ ರಾತ್ರಿ ಪಾಳಿ. ಮದುವೆಗೆ ಮೊದಲೇ ಈತ ಅವಳಿಗೆ ಎರಡು ವಿಷಯ ಹೇಳಿದ್ದನಂತೆ: ಓದಿನ ಸಾಲ ಇಷ್ಟು ಉಂಟು, ಹೀಗೊಂದು ಕಾರಿನ ಆಸೆ ಉಂಟು. ಅವಳು ಮೊದಲನೆಯದರ ಬಗ್ಗೆ ಮಾತ್ರ ಪ್ರಶ್ನೆ ಕೇಳಿದಳು.

ಸಾಲ ತೀರಿದ್ದು 2015ರ ಕೊನೆಗೆ. ಆಗ ಅವಳು ಒಂದು ಷರತ್ತು ಹಾಕಿದಳು. ಕಾರು ಕೊಳ್ಳಬಹುದು, ಬದಲಾವಣೆಯನ್ನೂ ಮಾಡಬಹುದು. ಆದರೆ ಕಾರು ಮನೆಗೆ ಬಂದ ಮೇಲೆ ಅದಕ್ಕೆ ಹಾಕುವ ಪ್ರತಿಯೊಂದು ಡಾಲರಿಗೆ ಇನ್ನೊಂದು ಡಾಲರು ಮನೆಯ ಉಳಿತಾಯ ಖಾತೆಗೆ ಬೀಳಬೇಕು. ಅದೇ ದಿನ ಬೀಳಬೇಕು. ನೀಲಿ ರಟ್ಟಿನ ಒಂದು ನೋಟುಬುಕ್ಕಿನಲ್ಲಿ ಎಡಗಡೆ ಕಾರು, ಬಲಗಡೆ ಖಾತೆ. ನಾವು ಆ ಪುಸ್ತಕವನ್ನು ನೋಡಿದ್ದೇವೆ. ಚರ್ಚಿನ ಲೆಕ್ಕಪತ್ರವನ್ನು ವರ್ಷಗಟ್ಟಲೆ ನೋಡಿದ ಕಣ್ಣಿಗೆ ಅದು ಬಹಳ ಶುಚಿಯಾದ ಲೆಕ್ಕವೆಂದು ಕಂಡಿತು. ಈ ಷರತ್ತಿನಿಂದ ಆದದ್ದೇನೆಂದರೆ ಪ್ರತಿ ಭಾಗದ ಬೆಲೆಯೂ ಎರಡು ಪಟ್ಟಾಯಿತು. ಮೂರು ತಿಂಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸ ವರ್ಷಗಳಿಗೆ ಹರಡಿಕೊಂಡಿತು. ಆ ನಿಧಾನವೇ ಕಾರನ್ನು ಉಳಿಸಿತೆಂದು ನಮ್ಮ ಅಭಿಪ್ರಾಯ.

ಕಾರು ಸಿಕ್ಕಿದ್ದು ಜಪಾನಿನ ಹರಾಜಿನಲ್ಲಿ. ಅಲ್ಲಿ ಪ್ರತಿ ಕಾರಿಗೂ ಒಂದು ತಪಾಸಣಾ ಹಾಳೆ ಇರುತ್ತದೆ. ಕಾರಿನ ಚಿತ್ರ ಬರೆದು, ಗೀರು ಇದ್ದಲ್ಲಿ ಒಂದು ಗುರುತು, ತಗ್ಗು ಇದ್ದಲ್ಲಿ ಒಂದು, ತುಕ್ಕಿದ್ದಲ್ಲಿ ಇನ್ನೊಂದು, ಬಡಿದು ಸರಿಪಡಿಸಿದ್ದರೆ ಮತ್ತೊಂದು. ಮೇಲೆ ಒಟ್ಟು ಅಂಕ. ಅಪಘಾತವಾಗಿ ಚೌಕಟ್ಟು ದುರಸ್ತಿಯಾದ ಕಾರಾದರೆ ಅಂಕದ ಜಾಗದಲ್ಲಿ ಅಕ್ಷರ ಬರೆದಿರುತ್ತಾರೆ. ಶಾರ್ಜಾದಲ್ಲಿ ಇಂಥ ಹಾಳೆಗಳನ್ನು ಕಂಡು ಅಭ್ಯಾಸವಿದ್ದ ಅಪ್ಪನಿಗೆ ಮಗ ವಾಟ್ಸಾಪಿನಲ್ಲಿ ಒಂದೊಂದಾಗಿ ಕಳುಹಿಸಿದ. ಹನ್ನೊಂದು ಕಾರುಗಳನ್ನು ಅಪ್ಪ ಬೇಡವೆಂದರು. ಹನ್ನೆರಡನೆಯದು ಬೂದು ಬಣ್ಣದ್ದು, ಮೂರೂವರೆ ಅಂಕ, ಹಿಂದಿನ ಚಕ್ರದ ಕಮಾನಿನಲ್ಲಿ ತುಸು ತುಕ್ಕು. “ಇದನ್ನು ತೆಗೆದುಕೋ. ತುಕ್ಕನ್ನು ಮುಚ್ಚಿಡದೆ ತೋರಿಸಿದ್ದಾರೆ” ಎಂದರು. ಹಡಗಿನ ಬಾಡಿಗೆ, ಶೇಕಡಾ ಎರಡೂವರೆ ಸುಂಕ, ಕಾಗದಪತ್ರ ಎಲ್ಲ ಸೇರಿ 24 ಸಾವಿರ ಡಾಲರಿನ ಸಮೀಪ. 2016ರ ಜೂನಿನಲ್ಲಿ ಕಾರು ಟೆಕ್ಸಾಸಿನ ಬಂದರಿಗೆ ಇಳಿಯಿತು.

ಬಲಗಡೆ ಸ್ಟಿಯರಿಂಗಿನ ಕಾರು ಅಮೆರಿಕದಲ್ಲಿ ನೋಡುವವರಿಗೆ ವಿಚಿತ್ರ, ನಮ್ಮವರಿಗೆ ಊರಿನ ಅಭ್ಯಾಸ. ಸೊಸೆ ಅದನ್ನು ಮೊದಲ ದಿನವೇ ಓಡಿಸಿದಳು. ಆದರೆ ಕಾರಿನಿಂದ ಇಳಿಯದೆ ಕಾಫಿ ಕೊಳ್ಳುವ ಕಿಟಕಿಗಳಿವೆಯಲ್ಲ, ಅವೆಲ್ಲ ಎಡಗಡೆಗೆ. ಹಾಗಾಗಿ ಕಾಫಿ ಬೇಕಾದರೆ ಇಬ್ಬರೂ ಹೋಗಬೇಕು.

ಮುರಿದ ಪಿಂಗಾಣಿ

ಬದಲಾವಣೆಯ ಕ್ರಮವನ್ನು ನಿಗದಿ ಮಾಡಿದವರೂ ಅಪ್ಪನೇ. ಮೊದಲ ವರ್ಷ ಶಕ್ತಿ ಹೆಚ್ಚಿಸುವ ಒಂದು ಭಾಗವನ್ನೂ ಮುಟ್ಟಕೂಡದು. 25 ವರ್ಷ ಹಳೆಯ ರಬ್ಬರೆಲ್ಲ ಹೊರಗೆ ಹೋಗಬೇಕು. ಟೈಮಿಂಗ್ ಬೆಲ್ಟು, ನೀರಿನ ಪಂಪು, ಕೊಳವೆಗಳು, ಎಲ್ಲ ಎಣ್ಣೆಗಳು. ಆಮೇಲೆ ಬ್ರೇಕು. ಈ ಕಾರಿನ ದೊಡ್ಡ ಟೀಕೆಯೇ ಅದರ ಬ್ರೇಕಿನ ಮೇಲೆ. ಕಂಪೆನಿ 1993ರಲ್ಲಿ ತಂದ ವಿಶೇಷ ಮಾದರಿಗೆ ಬ್ರೆಂಬೊ ಬ್ರೇಕುಗಳನ್ನೂ 17 ಇಂಚಿನ ಚಕ್ರಗಳನ್ನೂ ಕೊಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. 1991ರ ಕಾರಿಗೆ 16 ಇಂಚಿನ ಚಕ್ರ. ಮಗ ಚಕ್ರ ಬದಲಾಯಿಸಿದ, ಟಯರು ಬದಲಾಯಿಸಿದ, ದೊಡ್ಡ ಬ್ರೇಕು ಹಾಕಿದ. ಮೂರನೆಯದು ಸಸ್ಪೆನ್ಷನ್ನು. ಹಿಂದಿನ ಚಕ್ರ ತಿರುಗಿಸುವ ವ್ಯವಸ್ಥೆಯ ಕೀಲುಗಳು ಸವೆದು ಹೆದ್ದಾರಿಯಲ್ಲಿ ಕಾರಿನ ಹಿಂಭಾಗ ಅಲೆದಾಡುತ್ತಿತ್ತು. ಆ ವ್ಯವಸ್ಥೆಯನ್ನೇ ಬಿಗಿದು ಸ್ಥಿರಗೊಳಿಸಿದ. ಇಷ್ಟಕ್ಕೆ ಎರಡು ವರ್ಷ. ಹೊರಗಿನಿಂದ ನೋಡಿದವನಿಗೆ ಚಕ್ರವೊಂದನ್ನು ಬಿಟ್ಟು ಏನೂ ಬದಲಾಗಿಲ್ಲ.

ಇನ್ನು ಟರ್ಬೊ. ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬಿಸುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಈ ಚಕ್ರ ಹಗುರವಾಗಿದ್ದಷ್ಟೂ ಬೇಗ ವೇಗ ಪಡೆಯುತ್ತದೆ. ಅದಕ್ಕಾಗಿ ನಿಸ್ಸಾನ್ ಹೊಗೆಯ ಕಡೆಯ ಚಕ್ರವನ್ನು ಉಕ್ಕಿನ ಬದಲು ಸೆರಾಮಿಕ್ಕಿನಲ್ಲಿ, ಅಂದರೆ ಒಂದು ಬಗೆಯ ಪಿಂಗಾಣಿಯಲ್ಲಿ ಮಾಡಿತು. ಪಿಂಗಾಣಿಯ ಗುಣ ನಮ್ಮ ಅಡುಗೆಮನೆಗಳಿಗೆ ಗೊತ್ತಿರುವಂಥದ್ದೇ. ಬಿಸಿ ತಡೆಯುತ್ತದೆ, ಬಾಗುವುದಿಲ್ಲ, ಒಡೆಯುತ್ತದೆ. ಒತ್ತಡ ಒಂದು ಬಾರ್ ಸಮೀಪಿಸಿದರೆ ಅಪಾಯ ಶುರು ಎಂಬುದು ಈ ಕಾರಿನವರೆಲ್ಲ ಬಲ್ಲ ಮಾತು.

2018ರ ಬೇಸಿಗೆಯಲ್ಲಿ ಮಗ ಹೊಗೆಕೊಳವೆ ಬದಲಾಯಿಸಿದ. ಹೊಗೆ ಸರಾಗವಾಗಿ ಹೋದರೆ ಟರ್ಬೊ ತಾನಾಗಿಯೇ ಹೆಚ್ಚು ಒತ್ತುತ್ತದೆ. ಅದರೊಟ್ಟಿಗೆ ಆ ಪುಟ್ಟ ಬಿರಡೆಯನ್ನೂ ತೆಗೆದ. ಅಪ್ಪನಿಗೆ ಹೇಳಿರಲಿಲ್ಲ. ಎರಡು ತಿಂಗಳು ಕಾರು ಹೊಸ ಹುರುಪಿನಲ್ಲಿ ಓಡಿತು. ಸೆಪ್ಟೆಂಬರಿನ ಒಂದು ಸಂಜೆ ಹೆದ್ದಾರಿ ಸೇರುವ ಏರಿನಲ್ಲಿ ಏನೋ ಕಡಿದ ಸಣ್ಣ ಸದ್ದು, ಮತ್ತೆ ಶಕ್ತಿಯೇ ಇಲ್ಲ. ಹಿಂದಿನ ಟರ್ಬೊದ ಪಿಂಗಾಣಿ ಚಕ್ರ ದಂಡದಿಂದ ಕಳಚಿ ಪುಡಿಯಾಗಿತ್ತು.

ಹೆಂಡತಿ ಆಗ ಏಳು ತಿಂಗಳ ಗರ್ಭಿಣಿ. ನವೆಂಬರಿನಲ್ಲಿ ಮಗಳು ಹುಟ್ಟಿದಳು. ಜನವರಿಯಲ್ಲಿ ಊರಿನಿಂದ ಫೋನು, ಅಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆ. ಮಗ ಹಾರಿಬಂದು ಮೂರು ವಾರ ಮಂಗಳೂರಿನ ಆಸ್ಪತ್ರೆಯಲ್ಲಿ ಕುಳಿತ. ಮರಳಿದವನೇ ಕಾರು ಮಾರುವ ತೀರ್ಮಾನ ಮಾಡಿದ. ಇದ್ದ ಸ್ಥಿತಿಯಲ್ಲೇ 18 ಸಾವಿರ ಡಾಲರಿಗೆ ಒಯ್ಯುತ್ತೇನೆಂದು ಒಬ್ಬ ಬಂದ. ಒಪ್ಪದಿದ್ದವಳು ಹೆಂಡತಿ. “ಮಾರುವುದಾದರೆ ಓಡುವ ಕಾರು ಮಾರೋಣ. ಮುರಿದದ್ದನ್ನು ಗಡಿಬಿಡಿಯಲ್ಲಿ ಕೊಟ್ಟರೆ ಆರು ಸಾವಿರ ಹೋಯಿತು, ಹದಿನೆಂಟು ವರ್ಷದ ಆಸೆಯೂ ಹೋಯಿತು” ಎಂದಳಂತೆ. ನೋಟುಬುಕ್ಕಿನ ಬಲಗಡೆಯ ಮೊತ್ತ ಆ ಹೊತ್ತಿಗೆ ಒಂಬತ್ತು ಸಾವಿರ ದಾಟಿತ್ತು. ವಿಮಾನದ ಟಿಕೇಟೂ ಆಸ್ಪತ್ರೆಯ ಖರ್ಚಿನ ಮಗನ ಪಾಲೂ ಅಲ್ಲಿಂದಲೇ ಹೊರಟವು. ಕಾರಿಗೆ ಹೊದಿಕೆ ಹಾಕಿ ಮುಚ್ಚಿದರು.

ಅಲ್ತಾರಿನ ಮೇಣ

2019ರ ನವೆಂಬರಿನಲ್ಲಿ ಅಪ್ಪ ಅಮ್ಮ ಮೊಮ್ಮಗಳನ್ನು ನೋಡಲು ಹ್ಯೂಸ್ಟನ್ನಿಗೆ ಬಂದರು. ಭಾರ ಎತ್ತಬಾರದೆಂದು ವೈದ್ಯರ ಆಜ್ಞೆ. ಅಪ್ಪ ಗ್ಯಾರೇಜಿನಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕುಳಿತರು. ಬಿರಡೆಯ ವಿಷಯ ಮಗ ಹೇಳಿದಾಗ ಬಯ್ಯಲಿಲ್ಲ. “ಮುರಿದ ಚೂರು ಎಲ್ಲಿ ಹೋಗಿದೆ ನೋಡು” ಎಂದರು. ಅದು ಸರಿಯಾದ ಪ್ರಶ್ನೆ. ಹೊಗೆಯ ಕಡೆಯ ಚಕ್ರ ಒಡೆದರೆ ಚೂರುಗಳು ಹೆಚ್ಚಾಗಿ ಕೊಳವೆಯ ಮೂಲಕ ಹೊರಗೇ ಹೋಗುತ್ತವೆ, ಆದರೆ ಪುಡಿ ಹಿಂದಕ್ಕೆ ಸಿಲಿಂಡರಿಗೆ ಸೆಳೆಯಲ್ಪಡುವುದೂ ಉಂಟು. ಹಾಗಾದರೆ ಎಂಜಿನೇ ಹೋಯಿತು. ಸಣ್ಣ ಕ್ಯಾಮೆರಾ ಇಳಿಸಿ ಆರೂ ಸಿಲಿಂಡರುಗಳ ಗೋಡೆ ನೋಡಿದರು. ಒತ್ತಡ ಅಳೆದರು. ಗೀರು ಇರಲಿಲ್ಲ.

ಟರ್ಬೊ ಬಿಚ್ಚುವುದೇ ದೊಡ್ಡ ಕೆಲಸ. ಮೂವತ್ತು ವರ್ಷ ಬೆಂದ ಬೋಲ್ಟುಗಳು ಮುರಿಯುತ್ತವೆಯೇ ಹೊರತು ತಿರುಗುವುದಿಲ್ಲ. ಅಪ್ಪ ಶಾರ್ಜಾದ ಉಪಾಯ ಹೇಳಿಕೊಟ್ಟರು: ಬೋಲ್ಟಿನ ಸುತ್ತ ಜ್ವಾಲೆಯಿಂದ ಕಾಯಿಸಿ, ಬಿಸಿ ಇರುವಾಗಲೇ ಮೇಣದ ಬತ್ತಿ ತಾಗಿಸಬೇಕು. ಕರಗಿದ ಮೇಣ ಮರೆಗಳೊಳಗೆ ಇಳಿಯುತ್ತದೆ, ತಣ್ಣಗಾಗುತ್ತಾ ಬೋಲ್ಟು ಸಡಿಲವಾಗುತ್ತದೆ. ಮನೆಯಲ್ಲಿದ್ದ ಒಂದೇ ಮೇಣದ ಬತ್ತಿ ಅಲ್ತಾರಿನದ್ದು, ಅಮ್ಮ ಊರಿನಿಂದ ತಂದದ್ದು, ಫೆಬ್ರವರಿ 2ರ ಹಬ್ಬದಲ್ಲಿ ಆಶೀರ್ವದಿಸಿದ್ದು. ಅಮ್ಮ ಕೊಡಲೊಪ್ಪಲಿಲ್ಲ. ಅರ್ಧ ಬತ್ತಿಗೆ ಮಾತುಕತೆ ಮುಗಿಯಿತಂತೆ. ಇದು ಸರಿಯೇ ಎಂದು ಅಮ್ಮ ನಮ್ಮನ್ನು ಕೇಳಿದ್ದರು. ಗುಡುಗು ಸಿಡಿಲಿಗೆ ಹಚ್ಚುವ ಬತ್ತಿಯನ್ನು ತುಕ್ಕು ಹಿಡಿದ ಬೋಲ್ಟಿಗೆ ಹಚ್ಚಿದರೆ ದೋಷವಿಲ್ಲವೆಂದು ನಾವು ಹೇಳಿದೆವು. ಹನ್ನೆರಡು ಬೋಲ್ಟುಗಳಲ್ಲಿ ಹನ್ನೊಂದು ಬಂದವು, ಒಂದು ಮುರಿಯಿತು.

ಅಪ್ಪ ಅಮ್ಮ 2020ರ ಫೆಬ್ರವರಿಯಲ್ಲಿ ಊರಿಗೆ ಮರಳಿದರು. ಮಾರ್ಚಿನಲ್ಲಿ ಲೋಕವೇ ಬಾಗಿಲು ಮುಚ್ಚಿತು. ಹೆಂಡತಿ ಆಸ್ಪತ್ರೆಯಿಂದ ಬಂದವಳು ಗ್ಯಾರೇಜಿನಲ್ಲೇ ಬಟ್ಟೆ ಬದಲಿಸಿ, ಮಗುವನ್ನು ಮುಟ್ಟುವ ಮೊದಲು ಸ್ನಾನ ಮಾಡಬೇಕಿತ್ತು. ಸುಮಾರು ಎರಡು ತಿಂಗಳು ಅವಳು ಮಲಗಿದ್ದೇ ಗ್ಯಾರೇಜಿನ ಮಡಚುವ ಮಂಚದಲ್ಲಿ, ಬಿಚ್ಚಿಟ್ಟ ಕಾರಿನ ಪಕ್ಕದಲ್ಲಿ. ಆ ದಿನಗಳ ಬಗ್ಗೆ ಅವಳು ಹೆಚ್ಚು ಮಾತನಾಡಲಿಲ್ಲ, ನಾವು ಕೇಳಲೂ ಇಲ್ಲ.

ಉಕ್ಕಿನ ಚಕ್ರದ ಹೊಸ ಟರ್ಬೊಗಳಿಗೆ ಎಂಟು ತಿಂಗಳು ಕಾಯಬೇಕಾಯಿತು. ವಯರಿಂಗಿನ ಪ್ಲಗ್ಗುಗಳು ಮುಟ್ಟಿದರೆ ಬಿಸ್ಕತ್ತಿನಂತೆ ಮುರಿಯುತ್ತಿದ್ದವು. 2017ರ ಕೊನೆಯಿಂದ ನಿಸ್ಸಾನಿನವರೇ ಆರ್32ಕ್ಕೆ ನಿಂತುಹೋಗಿದ್ದ ಕೆಲವು ಭಾಗಗಳನ್ನು ಮತ್ತೆ ತಯಾರಿಸತೊಡಗಿದ್ದರಿಂದ ಎಂಜಿನಿನ ವಯರಿಂಗು ಹೊಸದೇ ಸಿಕ್ಕಿತು, ಬೆಲೆ ಕೇಳಬಾರದು. ಹೊಸ ಇಂಜೆಕ್ಟರು, ಪೆಟ್ರೋಲು ಪಂಪು, ಹೊಸ ನಿಯಂತ್ರಣ ಗಣಕ. 2021ರ ಅಕ್ಟೋಬರಿನಲ್ಲಿ ರೋಲರುಗಳ ಮೇಲೆ ಕಾರನ್ನು ಓಡಿಸಿ ಗಣಕವನ್ನು ಹೊಂದಿಸಿದರು. ಲೆಕ್ಕ 400 ಅಶ್ವಶಕ್ತಿಯ ಸುತ್ತ ನಿಂತಿತು. ಇನ್ನೂ ಹೆಚ್ಚಿಸಬಹುದಿತ್ತು ಎಂದು ಹೊಂದಿಸಿದವನು ಹೇಳಿದ. ಸಾಕೆಂದು ಹೇಳಿದ್ದು ಮಗ.

ನಾವು ಅದರಲ್ಲಿ ಕುಳಿತದ್ದು ಒಂದು ಭಾನುವಾರ ಬೆಳಿಗ್ಗೆ, ಪೂಜೆಗೆ ಹೋಗುವಾಗ. ಸ್ಪೀಡೋಮೀಟರಿನಲ್ಲಿ 180 ಕಿಲೋಮೀಟರಿನ ನಂತರ ಅಂಕಿಯೇ ಇಲ್ಲ. ಜಪಾನಿನ ಕಾರುಗಳಿಗೆ ಅಷ್ಟೇ ಮಿತಿ. ಒಳಗೆ ಹಳೆ ಪ್ಲಾಸ್ಟಿಕ್ಕಿನ ವಾಸನೆ, ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ. ಹೆದ್ದಾರಿ ಸೇರುವ ಅದೇ ಏರಿನಲ್ಲಿ ಆತ ಒಮ್ಮೆ ಕಾಲು ಒತ್ತಿದ. ಸೀಟು ನಮ್ಮ ಬೆನ್ನನ್ನು ತಳ್ಳಿತೆಂದರೆ ಕಡಿಮೆಯೇ. ಎಣಿಸಿ ನಾಲ್ಕು ಸೆಕೆಂಡು, ಮತ್ತೆ ಕಾಲು ಮೇಲೆ ತೆಗೆದು ಎಲ್ಲರ ವೇಗದಲ್ಲಿ ಎಲ್ಲರ ಜೊತೆ ಸೇರಿಕೊಂಡ. ಮಗಳು ಹಿಂದಿನಿಂದ “ಇನ್ನೊಮ್ಮೆ” ಎಂದಳು. ಇನ್ನೊಮ್ಮೆ ಮಾಡಲಿಲ್ಲ.

ಊರಿನ ಹುಡುಗರಿಗೆ ಈ ಕತೆ ಹೇಳಿದಾಗ ಅವರ ಕಣ್ಣು ಹೊಳೆಯುತ್ತದೆ. ನಮ್ಮಲ್ಲಿಯೂ ಹಳೆ ಹೋಂಡಾ ಸಿಟಿಯನ್ನೋ ಸ್ವಿಫ್ಟನ್ನೋ ಬಿಚ್ಚಿ ಕಟ್ಟುವ ಹುಡುಗರಿದ್ದಾರೆ, ಕೈಚಳಕ ಇರುವವರೇ. ಆದರೆ ಇಲ್ಲಿನ ಕಾನೂನು ಬೇರೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ. ಕಿವಿ ಕಿತ್ತುಹೋಗುವ ಸೈಲೆನ್ಸರಿನ ವಿಷಯದಲ್ಲಿ ನಾವು ಕಾನೂನಿನ ಪಕ್ಷ. ಬ್ರೇಕನ್ನೋ ಸಸ್ಪೆನ್ಷನ್ನನ್ನೋ ಉತ್ತಮಗೊಳಿಸಿ, ಪರಿಣತರಿಗೆ ತೋರಿಸಿ, ಮುದ್ರೆ ಹಾಕಿಸಿಕೊಳ್ಳುವ ಒಂದು ದಾರಿ ಇರಬೇಕಿತ್ತು ಎಂಬುದೂ ನಮ್ಮ ಅನಿಸಿಕೆ. ಜಪಾನಿನಲ್ಲಿ ಅಂಥ ದಾರಿ 1995ರಿಂದ ಸಲೀಸಾಗಿದೆ.

ಹ್ಯೂಸ್ಟನ್ನಿನ ಗ್ಯಾರೇಜಿನ ಅಟ್ಟದಲ್ಲಿ ಒಂಬತ್ತು ಪೆಟ್ಟಿಗೆಗಳಿವೆ. ಕಾರಿನಿಂದ ತೆಗೆದ ಪ್ರತಿಯೊಂದು ಮೂಲ ಭಾಗ ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ, ಅಪ್ಪನ ಅಂಗಡಿಯ ಕ್ರಮದಲ್ಲೇ ಹೆಸರು ಬರೆದು ಇಟ್ಟದ್ದು. ಒಡೆಯದೆ ಉಳಿದ ಮುಂದಿನ ಟರ್ಬೊ ಕೂಡ ಇದೆ, ಆ ಬಿರಡೆಯೂ ಇದೆ. ಈ ಕಾರುಗಳ ಬೆಲೆ ಈಗ ಬಹಳ ಏರಿದೆ. 2024ರಿಂದ ಅಮೆರಿಕಕ್ಕೆ ಬರತೊಡಗಿದ ತಮ್ಮನಾದ ಆರ್34 ಲಕ್ಷ ಡಾಲರು ದಾಟಿ ಮಾರಾಟವಾಗುತ್ತಿದೆ. ಮೂಲ ಭಾಗಗಳಿದ್ದರೆ ಬೆಲೆ ಇನ್ನೂ ಹೆಚ್ಚು. ಇದನ್ನು ಲೆಕ್ಕದ ಪುಸ್ತಕದ ಒಡತಿ ಚೆನ್ನಾಗಿ ಬಲ್ಲಳು.

ಒಂದು ಕೆಲಸ ಬಾಕಿ ಇದೆ. 1991ರ ಎಂಜಿನುಗಳಲ್ಲಿ ಆಯಿಲ್ ಪಂಪನ್ನು ತಿರುಗಿಸುವ ಕ್ರ್ಯಾಂಕಿನ ಅಂಚು ಬಹಳ ಕಿರಿದು. ಅತಿ ವೇಗದಲ್ಲಿ ಪಂಪಿನ ಹಲ್ಲು ಒಡೆದರೆ ಎಣ್ಣೆ ನಿಲ್ಲುತ್ತದೆ, ಎಂಜಿನು ಕ್ಷಣದಲ್ಲಿ ಹೋಗುತ್ತದೆ. ಅದಕ್ಕೆ ಅಗಲವಾದ ಉಂಗುರವನ್ನು ಕೂಡಿಸಬೇಕು. ಎಂಜಿನನ್ನು ಇಡಿಯಾಗಿ ಹೊರತೆಗೆದು ಬಿಚ್ಚದೆ ಆಗುವ ಕೆಲಸವಲ್ಲ. ಅಷ್ಟರವರೆಗೆ 8,000 ಸುತ್ತಿಗೆ ಹೋಗಬಲ್ಲ ಎಂಜಿನನ್ನು ಮಗ 7,000ದಲ್ಲೇ ತಡೆದಿಟ್ಟಿದ್ದಾನೆ. ಭಾನುವಾರದ ಫೋನಿನಲ್ಲಿ ಅಪ್ಪ ಮೊಮ್ಮಗಳ ಓದು ಕೇಳಿ, ಸೊಸೆಯ ಪಾಳಿ ಕೇಳಿ, ಮೂರನೆಯದಾಗಿ ಉಂಗುರ ಹಾಕಿಸಿದೆಯಾ ಎಂದು ಕೇಳುತ್ತಾರೆ. ಮೂರು ಕಡೆಯಿಂದ ದರ ತರಿಸಿದ್ದಾನಂತೆ. ಎಲ್ಲಕ್ಕಿಂತ ಕಡಿಮೆಯ ದರ ನಾಲ್ಕು ಸಾವಿರದ ಇನ್ನೂರು ಡಾಲರು, ಅಂದರೆ ಆ ಮನೆಯ ಲೆಕ್ಕದಲ್ಲಿ ಎಂಟು ಸಾವಿರದ ನಾನೂರು.